ಹತ್ತಿರ ಬಂದವರಿಗೇ ಅಪಾಯವಾಗುವ ವಿಕಿರಣ ಹೀರೋ: ಕಥೆ ಹೇಗೆ ಕಟ್ಟುವುದು?

ಪೆರ್ಲದ ಪೆನ್ಸಿಲ್:

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ವಾಚನಾಲಯದಿಂದ ವರ್ಷಕ್ಕೊಂದು ಕೈಬರಹ ಪತ್ರಿಕೆ ತರುತ್ತೇವೆ. ಕಥೆ, ಕವನ, ಮಕ್ಕಳ ಚಿತ್ರ ಎಲ್ಲ ಇರುತ್ತದೆ. ಆಮೇಲೆ ಅದನ್ನು ಜೆರಾಕ್ಸ್ ಮಾಡಿ ಹಂಚುತ್ತೇವೆ. ಈ ಸಲ ಅದರಲ್ಲಿ 16 ಪುಟದ ಒಂದು ಕಾಮಿಕ್ ಹಾಕಲೇಬೇಕು ಅಂತ ನನಗೂ ನನ್ನ ಭಾವನಿಗೂ ಹಠ. ಚಿತ್ರ ನನ್ನದು, ಮಾತು ಅವನದು.

ಮುಖ್ಯ ಪಾತ್ರದ ಮೈಯಿಂದ ಸದಾ ವಿಕಿರಣ ಹೊರಡುತ್ತಾ ಇರುತ್ತದೆ. ಮಾರ್ವೆಲ್‌ನ ರೇಡಿಯೋಆಕ್ಟಿವ್ ಮ್ಯಾನ್ ಗೊತ್ತಲ್ವಾ, ಚೆನ್ ಲೂ ಅಂತ, ಹಸಿರು ಮೈ, ಬೋಳು ತಲೆ. ಅವನಿಂದ ಹುಟ್ಟಿದ ಯೋಚನೆ ಇದು. ಅವನು ನನಗೆ ತುಂಬಾ ಇಷ್ಟ, ಆದರೆ ಅವನ ಕಥೆ ಓದುವಾಗೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಕೈ ಎತ್ತಿ ಕಿರಣ ಬಿಡುತ್ತಾನೆ, ಎದುರಿದ್ದವನು ಬೀಳುತ್ತಾನೆ, ಸರಿ. ಏನೂ ಮಾಡದೆ ಸುಮ್ನೆ ಕೂತಿರುವಾಗ ಅವನ ಪಕ್ಕ ಕೂತವರ ಗತಿ ಏನು? ಅವನು ಬಸ್ಸು ಹತ್ತಬಹುದಾ? ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಬಹುದಾ? ಜ್ವರ ಬಂದರೆ ಅವನ ಹಣೆ ಮುಟ್ಟಿ ನೋಡುವವರು ಯಾರು? ನನಗೆ ಬರೆಯಬೇಕಾಗಿರುವುದು ಈ ಕಥೆ. ಹೊಡೆದಾಟ ಎರಡು ಪುಟ ಇದ್ದರೆ ಸಾಕು.

ಹಿಂದೆ ಯಾರಾದರೂ ಇಂಥ ಪಾತ್ರವನ್ನು ಈ ಕಡೆಯಿಂದ ನೋಡಿ ಬರೆದದ್ದು ಉಂಟಾ? ಎಷ್ಟು ಹತ್ತಿರ ಹೋದರೆ ಎಷ್ಟು ಅಪಾಯ ಅಂತ ವಿಜ್ಞಾನ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಮತ್ತೆ ಕಣ್ಣಿಗೆ ಕಾಣದ್ದನ್ನು ಕಪ್ಪು ಬಿಳುಪಿನಲ್ಲಿ ಬರೆಯುವುದು ಹೇಗೆ ಅಂತ ನನಗೆ ಹೊಳೆಯುತ್ತಿಲ್ಲ. ಕಥೆ ನಮ್ಮ ಕಾಸರಗೋಡು ಗಡಿಯ ಗುಡ್ಡಗಳಲ್ಲೇ ನಡೆಯಬೇಕು. ಅದೊಂದನ್ನು ನಾವು ಬದಲಾಯಿಸುವುದಿಲ್ಲ.


ಕುಂಬಳೆ ಕಾಮಿಕ್ ಕಪಾಟು:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮಾರಾಯ್ರೆ. ಚೆನ್ ಲೂ ಬಗ್ಗೆ ಕನ್ನಡದಲ್ಲಿ ಯಾರಾದರೂ ಕೇಳುತ್ತಾರೆ ಅಂತ ನಾನು ಕಾಯುತ್ತಾ ಇದ್ದೆ.

ಅವನು ಮೊದಲು ಬಂದದ್ದು 1963ರ ಜೂನ್ ಸಂಚಿಕೆಯಲ್ಲಿ, ಜರ್ನಿ ಇನ್‌ಟು ಮಿಸ್ಟರಿಯ 93ನೇ ಸಂಚಿಕೆ. ಚಿತ್ರ ಜ್ಯಾಕ್ ಕಿರ್ಬಿಯದು. ಆ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ, ಗೊತ್ತುಂಟಾ? ಚೀನಾ ಸೇನೆ ಭಾರತದ ಮೇಲೆ ಏರಿ ಬರುತ್ತದೆ, ಥಾರ್ ಬಂದು ತಡೆಯುತ್ತಾನೆ. 1962ರ ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಥಾರ್‌ನನ್ನು ಸೋಲಿಸಲು ದಾರಿ ಹುಡುಕಿ ಅಂತ ಚೀನಾ ತನ್ನ ವಿಜ್ಞಾನಿಗಳಿಗೆ ಹೇಳುತ್ತದೆ. ಆಗ ಚೆನ್ ಲೂ ಮುಂದೆ ಬರುತ್ತಾನೆ. ಸ್ವಲ್ಪ ಸ್ವಲ್ಪವಾಗಿ ವಿಕಿರಣ ತಗೊಂಡು ಮೈಯನ್ನು ಒಗ್ಗಿಸಿಕೊಂಡವನು, ಕೊನೆಗೆ ಒಂದೇ ಸಲ ಭಾರೀ ಪ್ರಮಾಣದಲ್ಲಿ ತಗೊಂಡು ಹಸಿರಾಗುತ್ತಾನೆ. ಥಾರ್ ಅವನನ್ನು ಸುಂಟರಗಾಳಿಯಲ್ಲಿ ಸುತ್ತಿ ಚೀನಾಕ್ಕೇ ಎಸೆದಾಗ ಕಥೆ ಮುಗಿಯುತ್ತದೆ. ಚೀನಾ ನಿಜವಾಗಿ ತನ್ನ ಮೊದಲ ಅಣುಬಾಂಬ್ ಪರೀಕ್ಷೆ ಮಾಡಿದ್ದು 1964ರ ಅಕ್ಟೋಬರ್ 16ಕ್ಕೆ. ಅಂದರೆ ಕಾಮಿಕ್ ಬಂದು ಒಂದು ವರ್ಷ ದಾಟಿದ ಮೇಲೆ. ಅಮೆರಿಕದ ಹೆದರಿಕೆ ಬಾಂಬಿಗಿಂತ ಮೊದಲೇ ಪುಟಕ್ಕೆ ಬಂದಿತ್ತು.

ಆ ಹೆದರಿಕೆಯಿಂದಾಗಿಯೇ ಚೆನ್ ಲೂವಿಗೆ ಒಳ್ಳೆಯ ಕಥೆ ಸಿಗಲು ತಡವಾಯಿತು ಅಂತ ನನಗನಿಸುತ್ತದೆ. ಅವನನ್ನು ಮನುಷ್ಯನಾಗಿ ಬರೆದದ್ದೇ ಅಲ್ಲ, ಶತ್ರು ದೇಶದ ಬಾಂಬಿಗೆ ಕೈಕಾಲು ಬರೆದ ಹಾಗೆ ಬರೆದರು. ಅದೇ ಹೊತ್ತಿಗೆ ಬಂದ ಹಲ್ಕ್, ಸ್ಪೈಡರ್‌ಮ್ಯಾನ್ ಇಬ್ಬರಿಗೂ ಶಕ್ತಿ ಬಂದದ್ದು ವಿಕಿರಣದಿಂದಲೇ, ಇಬ್ಬರೂ 1962ರವರು. ಅವರಿಗೆ ಮನೆ, ಪ್ರೀತಿ, ಸಂಕಟ ಎಲ್ಲ ಕೊಟ್ಟರು, ಇವನಿಗೆ ಏನೂ ಕೊಡಲಿಲ್ಲ. ತುಂಬಾ ವರ್ಷ ಕಳೆದು ಥಂಡರ್‌ಬೋಲ್ಟ್ಸ್ ತಂಡಕ್ಕೆ ಸೇರಿದ ಮೇಲೆ ಸ್ಥಿತಿ ಬದಲಾಯಿತು. ಅಲ್ಲಿ ಅವನು ವಿಕಿರಣ ಹೊರಗೆ ಬಾರದ ಹಾಗೆ ತಡೆಯುವ ಉಡುಪು ಹಾಕಿಕೊಂಡೇ ತಿರುಗುತ್ತಾನೆ. ಸುತ್ತ ಇರುವವರಲ್ಲಿ ಹೆಚ್ಚಿನವರಿಗಿಂತ ಜಾಸ್ತಿ ಮರ್ಯಾದಸ್ಥ ಅವನೇ. ನಿಮಗೆ ಬೇಕಾದ ಚೆನ್ ಲೂ ಇವನು, 1963ರವನಲ್ಲ.

ನೀವು ಕೇಳಿದ ಹತ್ತಿರ ಬರುವ ಅಪಾಯವನ್ನು ಅದಕ್ಕೂ ಮೊದಲೇ ಯೋಚನೆ ಮಾಡಿದವರು ಚಾರ್ಲ್‌ಟನ್ ಕಾಮಿಕ್ಸ್‌ನವರು. 1960ರಲ್ಲಿ ಬಂದ ಕ್ಯಾಪ್ಟನ್ ಆ್ಯಟಮ್ ನೋಡಿ, ಚಿತ್ರ ಸ್ಟೀವ್ ಡಿಟ್ಕೋ ಬರೆದದ್ದು. ರಾಕೆಟ್ ಸಿಡಿದು ಚೂರುಚೂರಾದ ಮನುಷ್ಯ ಮತ್ತೆ ರೂಪ ತಗೊಂಡು ಬಂದಾಗ ತನ್ನ ಮೈಯ ವಿಕಿರಣದಿಂದ ಎದುರಿದ್ದವರಿಗೆ ತೊಂದರೆ ಅಂತ ಅವನಿಗೆ ಗೊತ್ತಿರುತ್ತದೆ. ಮೈ ಮುಚ್ಚಲು ಡಿಲುಸ್ಟಾನ್ ಅನ್ನುವ ಲೋಹ ಬೇಕಾಗುತ್ತದೆ. ಆ ಲೋಹ ಬರೇ ಕಲ್ಪನೆ, ಆದರೆ ಅವನ ಬಟ್ಟೆ ಬೇರೆಯವರ ರಕ್ಷಣೆಗೆ ಅನ್ನುವ ಯೋಚನೆ ಎಷ್ಟು ಚೆನ್ನಾಗಿದೆ! ಬೇರೆ ಹೀರೋಗಳ ಬಟ್ಟೆ ಗುರುತು ಮುಚ್ಚಲಿಕ್ಕೆ ಇರುವುದು.

ಬ್ಯಾಟ್‌ಮ್ಯಾನ್ ಕಥೆಗಳ ಡಾಕ್ಟರ್ ಫಾಸ್ಫರಸ್ 1977ರವನು, ಅಣು ವಿದ್ಯುತ್ ಸ್ಥಾವರದ ಅಪಘಾತದಿಂದ ಉರಿಯುವ ಮೈ ಬಂದವನು. ನೋಡಲು ಭಯಂಕರ, ನಿಮ್ಮ ಕಥೆಗೆ ಅಷ್ಟು ಉಪಯೋಗ ಇಲ್ಲ. ಓದಲೇಬೇಕಾದದ್ದು ವಾಚ್‌ಮೆನ್ ಅನ್ನುವ ಕಾಮಿಕ್‌ನ ಡಾಕ್ಟರ್ ಮ್ಯಾನ್‌ಹಟನ್. ಅವನ ಹತ್ತಿರ ಇದ್ದವರಿಗೆಲ್ಲ ಕ್ಯಾನ್ಸರ್ ಬಂದಿದೆ ಅಂತ ಟಿವಿ ಕಾರ್ಯಕ್ರಮದಲ್ಲೇ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಜಗತ್ತಿನ ಯಾವ ಆಯುಧಕ್ಕೂ ಜಗ್ಗದವನು ಆ ಒಂದು ಮಾತಿಗೆ ಭೂಮಿಯನ್ನೇ ಬಿಟ್ಟು ಹೋಗುತ್ತಾನೆ. ಆರೋಪ ನಿಜವೋ ಸುಳ್ಳೋ ನಾನು ಹೇಳುವುದಿಲ್ಲ, ಓದಿ.


ಮಂಜೇಶ್ವರ ಕಡಲು:

ಊರಿನ ಕಥೆ ಅಂದರೆ ಶಕ್ತಿ ಹೇಗೆ ಬಂತು ಅಂತ ಹುಡುಕುವ ಕಷ್ಟವೇ ಇಲ್ಲ ಅಲ್ವಾ. ಹೆಲಿಕಾಪ್ಟರ್‌ನಿಂದ ಗೇರುತೋಟಕ್ಕೆ ಎಂಡೋಸಲ್ಫಾನ್ ಬಿಟ್ಟ ದಿನ ಒಬ್ಬ ಹುಡುಗ ತೋಟದಲ್ಲಿ ಇದ್ದ, ಅದರಿಂದ ಅವನಿಗೆ ಶಕ್ತಿ ಬಂತು ಅಂತ ಮಾಡಿ. ಓದುವವರಿಗೆ ತಕ್ಷಣ ಅರ್ಥ ಆಗುತ್ತದೆ.


ಸ್ವರ್ಗದ ಗುಡ್ಡೆ:

ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನವರು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ ಅಂತ ಗೊತ್ತು, ಆದರೂ ಇದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ನಾನು ಎಣ್ಮಕಜೆಯವನು. ಟೀ ಸೊಳ್ಳೆ ಅನ್ನುವ ಗೇರಿನ ಕೀಟಕ್ಕೆ ಅಂತ ನಮ್ಮ ಗುಡ್ಡೆಗಳ ಗೇರುತೋಟದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಕಾಶದಿಂದ ಅದನ್ನು ಸಿಂಪಡಿಸಿದರು. ಹೆಲಿಕಾಪ್ಟರ್ ಸದ್ದು ಕೇಳಿದರೆ ಬಾವಿ ಮುಚ್ಚಬೇಕು, ಒಣಗಲು ಹಾಕಿದ ಬಟ್ಟೆ ಒಳಗೆ ತರಬೇಕು. ಗುಡ್ಡೆಯ ತಲೆಯಲ್ಲಿ ತೋಟ, ಕೆಳಗೆ ನಮ್ಮ ಮನೆ, ತೋಡು, ನೀರು. ಮಳೆ ಬಂದರೆ ಎಲ್ಲ ಕೆಳಗೇ ಇಳಿಯಬೇಕು. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಕೊಟ್ಟಿತು. ಆದರೆ ಅದರೊಳಗೆ ಹುಟ್ಟಿದ ಮಕ್ಕಳು ಈಗಲೂ ಇದ್ದಾರೆ. ದೊಡ್ಡವರಾಗಿದ್ದಾರೆ, ಮಲಗಿದಲ್ಲೇ ಇದ್ದಾರೆ. ಅವರ ಅಮ್ಮಂದಿರಿಗೆ ವಯಸ್ಸಾಯಿತು. ತಮ್ಮ ನಂತರ ಇವರನ್ನು ಯಾರು ನೋಡುವುದು ಅಂತ ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ನಿಮ್ಮ ಪತ್ರಿಕೆ ನಮ್ಮ ಊರಿಗೂ ಬರುತ್ತದೆ. ಆ ವಿಷದಿಂದ ಒಬ್ಬನಿಗೆ ಶಕ್ತಿ ಬಂತು ಅಂತ ಚಿತ್ರ ಬರೆದು ಆ ಮನೆಗಳಿಗೆ ಕೊಡಲು ಆಗುತ್ತದಾ?

ಇನ್ನೊಂದು, ಎಂಡೋಸಲ್ಫಾನ್ ಕೀಟನಾಶಕ. ಅದಕ್ಕೂ ವಿಕಿರಣಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಒಂದೇ ಮಾಡಿದರೆ ಮಕ್ಕಳ ತಲೆಯಲ್ಲಿ ಅದೇ ನಿಲ್ಲುತ್ತದೆ.

ನಿಮ್ಮ ಕಥೆ ಮಾತ್ರ ನನಗೆ ಓದಬೇಕು. ಕಣ್ಣಿಗೆ ಕಾಣದ ಅಪಾಯದ ಜೊತೆ ಬದುಕುವುದು ಹೇಗೆ ಅಂತ ಈ ಕಡೆಯವರಿಗೆ ಗೊತ್ತು. ಆ ಅನುಭವ ಕಥೆಯಲ್ಲಿ ಬರಲಿ, ಬಾವಿ ಮುಚ್ಚುವ ಅವಸರ ಬರಲಿ. ಶಕ್ತಿಗೆ ಕಾರಣ ಬೇರೆ ಹುಡುಕಿ.


ಬದಿಯಡ್ಕದ ಅಕ್ಕ:

ನಾನು ಮಂಗಳೂರಿನಲ್ಲಿ ಒಂದು ಆಸ್ಪತ್ರೆಯ ರೇಡಿಯೋಥೆರಪಿ ವಿಭಾಗದಲ್ಲಿ ಟೆಕ್ನಾಲಜಿಸ್ಟ್. ಪ್ರಶ್ನೆ ಓದಿ ಬಹಳ ಖುಷಿಯಾಯಿತು ತಮ್ಮಾ, ಸ್ವಲ್ಪ ಉದ್ದ ಬರೆಯುತ್ತೇನೆ. ಸ್ವರ್ಗದ ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮೊದಲು ನಿನ್ನ ಪಂಕ್ತಿ ಊಟದ ಪ್ರಶ್ನೆ. ಮೈಯಿಂದ ವಿಕಿರಣ ಬರುವ ಮನುಷ್ಯರು ನಿಜವಾಗಿ ಇದ್ದಾರೆ. ಥೈರಾಯ್ಡ್ ಕ್ಯಾನ್ಸರ್ ಆದವರಿಗೆ ಆಪರೇಷನ್ ಮಾಡಿದ ಮೇಲೆ ಎಷ್ಟೋ ಸಲ ಅಯೋಡಿನ್-131 ಅನ್ನುವ ಔಷಧಿ ಕೊಡುತ್ತಾರೆ, ಕ್ಯಾಪ್ಸೂಲ್ ಅಥವಾ ನೀರಿನ ರೂಪದಲ್ಲಿ. ಅದನ್ನು ನುಂಗಿದ ಹೊತ್ತಿನಿಂದ ಆ ಮನುಷ್ಯನೇ ವಿಕಿರಣದ ಮೂಲ. ಜಾಸ್ತಿ ಡೋಸ್ ಇದ್ದರೆ ಬೇರೆ ಕೋಣೆಯಲ್ಲಿ ಒಬ್ಬರೇ ಇರಬೇಕು. ಊಟ ಬಾಗಿಲ ಹತ್ತಿರ ಇಟ್ಟು ಹೋಗುತ್ತಾರೆ. ಅಳತೆ ಮಾಡಿ ಮಟ್ಟ ಇಳಿದ ಮೇಲೆಯೇ ಮನೆಗೆ ಬಿಡುವುದು. ಮನೆಗೆ ಹೋದ ಮೇಲೂ ಕೆಲವು ದಿನ ಬೇರೆ ಮಲಗಬೇಕು, ಮಕ್ಕಳನ್ನು ಎತ್ತಿಕೊಳ್ಳಬಾರದು, ಗರ್ಭಿಣಿಯರಿಂದ ದೂರ ಇರಬೇಕು. ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಆಗುತ್ತದೆ, ಮತ್ತೆ ಎಂಟು ದಿನಕ್ಕೆ ಅದರ ಅರ್ಧ. ಮೂತ್ರದಲ್ಲಿಯೂ ಬೇಗ ಹೋಗುತ್ತದೆ. ಹಾಗಾಗಿ ಇದು ಮುಗಿಯುವ ಕಷ್ಟ.

ಪುಟ್ಟ ಮಗು ಇರುವ ಅಮ್ಮಂದಿರಿಗೆ ಇದನ್ನು ಹೇಳುವಾಗ ಅವರ ಮುಖ ನೋಡಬೇಕು. ಸೂಜಿಗೆ, ಆಪರೇಷನ್‌ಗೆ ಹೆದರದವರು ಈ ಒಂದು ಮಾತಿಗೆ ಕುಗ್ಗಿ ಹೋಗುತ್ತಾರೆ. ನೆಲದಲ್ಲಿ ದೂರದ ಗುರುತು ತೋರಿಸಿದರೆ ಅದರಾಚೆ ನಿಂತು ಮಾತಾಡುತ್ತಾರೆ, ಕೈ ಮಾತ್ರ ತನ್ನಷ್ಟಕ್ಕೇ ಮುಂದೆ ಬರುತ್ತದೆ. ನಿನ್ನ ಹೀರೋಗೆ ಎಂಟು ದಿನದ ಲೆಕ್ಕ ಇಲ್ಲ, ಮುಗಿಯುವುದೇ ಇಲ್ಲ. ಅಷ್ಟೇ ವ್ಯತ್ಯಾಸ. ಅಲ್ಲಿಂದ ಶುರು ಮಾಡು.

ದೂರದ ಲೆಕ್ಕ ಹೀಗೆ. ಮೂಲ ಚಿಕ್ಕದಿದ್ದರೆ, ದೂರ ಎರಡು ಪಟ್ಟಾದಾಗ ತಾಗುವ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು. ಹಾಗಾಗಿ ಒಂದು ಹೆಜ್ಜೆ ಹಿಂದೆ ಸರಿಯುವುದು ನಿನ್ನ ಕಥೆಯಲ್ಲಿ ಸಣ್ಣ ವಿಷಯ ಅಲ್ಲ. ಎಷ್ಟು ಹೊತ್ತು ಅನ್ನುವುದೂ ಮುಖ್ಯ: ಹತ್ತು ನಿಮಿಷ ನಿಂತವನಿಗೆ ಒಂದು ನಿಮಿಷ ನಿಂತವನ ಹತ್ತು ಪಟ್ಟು. 1946ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಅಣು ಪ್ರಯೋಗಾಲಯದಲ್ಲಿ ಲೂಯಿ ಸ್ಲೋಟಿನ್ ಅನ್ನುವ ವಿಜ್ಞಾನಿಯ ಕೈಯ ಸ್ಕ್ರೂಡ್ರೈವರ್ ಜಾರಿ ಪ್ಲುಟೋನಿಯಂ ಗೋಳದಲ್ಲಿ ಒಂದು ಕ್ಷಣ ಅಣುಕ್ರಿಯೆ ಶುರುವಾಯಿತು. ನೀಲಿ ಬೆಳಕು ಮಿಂಚಿತು. ಅವನು ಕೈಯಿಂದಲೇ ಮೇಲಿನ ಭಾಗವನ್ನು ಕಿತ್ತು ಬೀಳಿಸಿ ನಿಲ್ಲಿಸಿದ, ಒಂಬತ್ತು ದಿನದಲ್ಲಿ ತೀರಿಕೊಂಡ. ಕೋಣೆಯಲ್ಲಿ ಇನ್ನೂ ಏಳು ಜನ ಇದ್ದರು. ಅವರಲ್ಲಿ ಯಾರೂ ಆಗ ಸಾಯಲಿಲ್ಲ. ಅವನ ಮೈ ಅಡ್ಡ ಇದ್ದದ್ದು, ಅವರು ನಿಂತ ದೂರ, ಎಲ್ಲ ಲೆಕ್ಕಕ್ಕೆ ಬಂತು.

ಚೆನ್ ಲೂ ಹಾಗೆ ಸ್ವಲ್ಪ ಸ್ವಲ್ಪ ತಗೊಂಡು ಒಗ್ಗಿಸಿಕೊಳ್ಳುವುದು ಕಾಮಿಕ್‌ನಲ್ಲಿ ಮಾತ್ರ ಆಗುವ ಕೆಲಸ. ನಮ್ಮ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೈಗೆ ತಾಗಿದ ವಿಕಿರಣ ಎಷ್ಟು ಅಂತ ಅಳೆಯಲಿಕ್ಕೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಮೂರು ತಿಂಗಳಿಗೊಮ್ಮೆ ಅದರೊಳಗಿನ ಕಾರ್ಡ್ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾಮಾನ್ಯ ಜನರಿಗೆ ವರ್ಷಕ್ಕೆ 1. ಇಡೀ ಮೈಗೆ ಒಂದೇ ಸಲ 4ರಿಂದ 5 ಸೀವರ್ಟ್, ಅಂದರೆ ನಾಲ್ಕೈದು ಸಾವಿರ ಮಿಲಿಸೀವರ್ಟ್ ತಾಗಿದರೆ, ಚಿಕಿತ್ಸೆ ಇಲ್ಲದಿದ್ದಾಗ ಅರ್ಧದಷ್ಟು ಜನ ಉಳಿಯುವುದಿಲ್ಲ. ಇಲ್ಲಿ ಕಥೆಗೆ ಬೇಕಾದ ಒಂದು ವಿಷಯ ಇದೆ. ಮೊದಲು ವಾಂತಿ ಆಗುತ್ತದೆ, ಆಮೇಲೆ ಕೆಲವು ದಿನ, ಕೆಲವು ಸಲ ವಾರಗಟ್ಟಲೆ, ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ನಗುತ್ತಾನೆ, ಊಟ ಮಾಡುತ್ತಾನೆ. ಅಷ್ಟರಲ್ಲಿ ಒಳಗೆ ಎಲುಬಿನ ಮಜ್ಜೆ ಕೆಲಸ ನಿಲ್ಲಿಸಿರುತ್ತದೆ. ಹೀರೋ ಒಬ್ಬರನ್ನು ಉಳಿಸಲು ಅಪ್ಪಿ ಹಿಡಿದು ಓಡಿದ ಅಂತ ಇಟ್ಟುಕೋ. ಉಳಿದವನು ಮರುದಿನ ಬಂದು ಥ್ಯಾಂಕ್ಸ್ ಹೇಳುತ್ತಾನೆ. ಹೀರೋಗೆ ಮಾತ್ರ ಎಲ್ಲ ಗೊತ್ತು.

ಶಕ್ತಿಗೆ ಕಾರಣ ಬೇಕಾದರೆ ಗುಜರಿ ಅಂಗಡಿ ನೋಡು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಕ್ಲಿನಿಕ್‌ನಿಂದ ಥೆರಪಿ ಯಂತ್ರದ ಭಾಗವನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗೆ ಸೀಸಿಯಂ-137ರ ಪುಡಿ, ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅಂಗಡಿಯವನು ಚೆಂದ ಕಂಡು ನೆಂಟರಿಗೆಲ್ಲ ಹಂಚಿದ. ನಾಲ್ಕು ಜನ ಸತ್ತರು, ಅದರಲ್ಲಿ ಒಂದು ಆರು ವರ್ಷದ ಮಗು. ನಮ್ಮ ದೇಶದಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಹೋಗಿ ಒಬ್ಬ ಕೆಲಸಗಾರ ತೀರಿಕೊಂಡ. ನಿನ್ನ ಹೀರೋ ಗುಜರಿ ಅಂಗಡಿಯಲ್ಲಿ ಕಬ್ಬಿಣ ಬಿಚ್ಚುವ ಹುಡುಗ ಆಗಬಹುದು. ಅವನ ತಪ್ಪು ಏನೂ ಇಲ್ಲ, ಯಾರೋ ಬಿಟ್ಟು ಹೋದದ್ದು ಅವನ ಕೈಗೆ ಬಂತು.


ಪೆರ್ಲದ ಪೆನ್ಸಿಲ್:

ಅಕ್ಕಾ, ಇದನ್ನು ಓದಿ ಭಾವ ರಾತ್ರಿಯೇ ಫೋನ್ ಮಾಡಿದ. ಗುಜರಿ ಹುಡುಗ ಗಟ್ಟಿ. ಸ್ವರ್ಗದ ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ತಾಗಿತು, ಹೆಲಿಕಾಪ್ಟರ್ ನಮ್ಮ ಕಥೆಯಲ್ಲಿ ಬರುವುದಿಲ್ಲ.

ಇನ್ನೊಂದು ಯೋಚನೆ ಬಂದಿದೆ. ಅವನು ಊರಿಂದ ದೂರ ಹೋಗಿ ಗುಡ್ಡದ ಒಂದು ಹಳೇ ಸುರಂಗದೊಳಗೆ ಇರುತ್ತಾನೆ. ಗಡಿಯಾಚೆಯವರಿಗೆ ಹೇಳುವುದಾದರೆ, ನಮ್ಮಲ್ಲಿ ಸುರಂಗ ಅಂದರೆ ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಬಾವಿ. ಮುರಕಲ್ಲು ವಿಕಿರಣ ತಡೆಯುತ್ತದಾ? ಆ ಸುರಂಗದ ನೀರು ಕೆಳಗಿನ ಮನೆಯವರು ಕುಡಿದರೆ ಏನಾಗುತ್ತದೆ?


ಕುಂಬಳೆ ಕಾಮಿಕ್ ಕಪಾಟು:

ವಿಜ್ಞಾನ ಅಕ್ಕ ಹೇಳಲಿ, ಚಿತ್ರದ ಬಗ್ಗೆ ನನ್ನದೊಂದು ಮಾತು. ಹಸಿರು ಹೊಳಪು ಬಿಟ್ಟುಬಿಡಿ. ಜೆರಾಕ್ಸ್‌ನಲ್ಲಿ ಹೇಗೂ ಬರುವುದಿಲ್ಲ, ಮತ್ತೆ ಅದು ಹಳೇ ಗಡಿಯಾರಗಳ ರೇಡಿಯಂ ಬಣ್ಣದಿಂದ ಬಂದ ಅಭ್ಯಾಸ. ಅಲ್ಲಿ ಹೊಳೆಯುತ್ತಿದ್ದದ್ದು ರೇಡಿಯಂ ಜೊತೆ ಕಲಸಿದ ಜಿಂಕ್ ಸಲ್ಫೈಡ್. ವಿಕಿರಣ ಫಿಲ್ಮನ್ನು ಕೆಡಿಸುತ್ತದೆ. 1896ರಲ್ಲಿ ಬೆಕರೆಲ್ ಅನ್ನುವ ವಿಜ್ಞಾನಿ ಅದನ್ನು ಕಂಡದ್ದೇ ಮುಚ್ಚಿಟ್ಟ ಫೋಟೋ ಪ್ಲೇಟ್ ಕಪ್ಪಾದದ್ದರಿಂದ. ಜೋರು ವಿಕಿರಣ ಇರುವಲ್ಲಿ ತೆಗೆದ ವಿಡಿಯೋದಲ್ಲಿಯೂ ಚುಕ್ಕೆ ಚುಕ್ಕೆ ಬೀಳುತ್ತದೆ.

ನೀವು ಅದನ್ನೇ ಪುಟಕ್ಕೆ ತನ್ನಿ. ಹಳೇ ಟೂತ್‌ಬ್ರಶ್ ಇಂಡಿಯನ್ ಇಂಕ್‌ನಲ್ಲಿ ಅದ್ದಿ, ಹೆಬ್ಬೆರಳಿಂದ ಎಳೆದು ಚಿಮುಕಿಸಿ. ಅವನು ದೂರ ಇರುವ ಚೌಕದಲ್ಲಿ ನಾಲ್ಕೈದು ಚುಕ್ಕೆ, ಹತ್ತಿರ ಬಂದಷ್ಟೂ ಜಾಸ್ತಿ, ಅಕ್ಕ ಹೇಳಿದ ಲೆಕ್ಕದಲ್ಲೇ: ಅರ್ಧ ದೂರಕ್ಕೆ ನಾಲ್ಕು ಪಟ್ಟು. ಪಾತ್ರಗಳಿಗೆ ಚುಕ್ಕೆ ಕಾಣುವುದಿಲ್ಲ, ಓದುವವನಿಗೆ ಕಾಣುತ್ತದೆ. ಅಮ್ಮ ಊಟ ತರುವ ಚೌಕದಲ್ಲಿ ಅವಳ ಮುಖದ ಮೇಲೆ ಚುಕ್ಕೆ ಬಿದ್ದಿದ್ದರೆ ಮಾತೇ ಬೇಡ. ಬೇರೆ ಕಾಗದದಲ್ಲಿ ಅಭ್ಯಾಸ ಮಾಡಿ, ಮುಚ್ಚಬೇಕಾದ ಕಡೆ ಪೇಪರ್ ಕತ್ತರಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇಡೀ ಪುಟ ಹಾಳು.


ಬದಿಯಡ್ಕದ ಅಕ್ಕ:

ಚುಕ್ಕೆಯ ಉಪಾಯ ನನಗೂ ಇಷ್ಟವಾಯಿತು.

ಸುರಂಗ ಬಹಳ ಒಳ್ಳೆಯ ಜಾಗ ತಮ್ಮಾ. ಕೋಬಾಲ್ಟ್-60ರ ಗಾಮಾ ಕಿರಣ ಹತ್ತರಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 4 ಸೆಂಟಿಮೀಟರ್ ಸೀಸ ಬೇಕು, ಕಾಂಕ್ರೀಟ್ ಆದರೆ 20 ಸೆಂಟಿಮೀಟರ್‌ನಷ್ಟು. ಮುರಕಲ್ಲು ಕಾಂಕ್ರೀಟಿನಷ್ಟು ದಟ್ಟ ಅಲ್ಲ, ಇನ್ನೂ ದಪ್ಪ ಬೇಕು, ಆದರೆ ಗುಡ್ಡದಲ್ಲಿ ದಪ್ಪಕ್ಕೇನು ಕೊರತೆ. ತೊಂದರೆ ಇರುವುದು ಬಾಯಿಯ ಕಡೆ. ಸುರಂಗ ನೇರವಾಗಿದ್ದರೆ ಕಿರಣವೂ ನೇರ ಹೊರಗೆ ಬರುತ್ತದೆ. ನಮ್ಮ ಥೆರಪಿ ಕೋಣೆಗೆ ಹೋಗುವ ದಾರಿಯನ್ನು ಬೇಕಂತಲೇ ತಿರುವು ಹಾಕಿ ಕಟ್ಟಿರುತ್ತಾರೆ, ಗೋಡೆಗೆ ಬಡಿದು ಚದುರಿ ಬಾಗಿಲಿಗೆ ಬರುವಷ್ಟರಲ್ಲಿ ಬಹಳ ಕಡಿಮೆಯಾಗಲಿ ಅಂತ. ನಿನ್ನ ಹುಡುಗನೂ ಒಳಗೆ ಒಂದು ತಿರುವು ಕೊರೆಯಬೇಕು. ಆ ಕೆಲಸ ಒಬ್ಬನೇ ಮಾಡಬೇಕು, ಸಹಾಯಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ.

ನೀರಿನ ಪ್ರಶ್ನೆಗೆ ನೀನೇ ತೀರ್ಮಾನ ಮಾಡಬೇಕು. ಗಾಮಾ ಕಿರಣ ಹಾದುಹೋದದ್ದಕ್ಕೆ ನೀರು ವಿಕಿರಣಶೀಲ ಆಗುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವರು ಮನೆಗೆ ವಿಕಿರಣ ಹೊತ್ತು ಬರುತ್ತಾರಾ? ಇಲ್ಲ ತಾನೆ. ಆದರೆ ಅವನ ಬೆವರಿನಲ್ಲಿ, ಮೈಯ ಧೂಳಿನಲ್ಲಿ ಆ ವಸ್ತುವೇ ಇದ್ದರೆ ಅದು ನೀರಿಗೆ ಸೇರುತ್ತದೆ, ಕುಡಿದವರ ಹೊಟ್ಟೆಗೆ ಹೋಗುತ್ತದೆ. ಗೊಯಾನಿಯಾದಲ್ಲಿ ಆದದ್ದು ಈ ಎರಡನೆಯದು. ಮೊದಲನೆಯದಾದರೆ ಅವನು ಸುರಂಗದಲ್ಲಿ ಇರಬಹುದು, ಎರಡನೆಯದಾದರೆ ಅಲ್ಲಿಂದಲೂ ಹೊರಡಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಹಿಡಿ, 16 ಪುಟವೂ ಅದನ್ನೇ ಪಾಲಿಸು.


ಸ್ವರ್ಗದ ಗುಡ್ಡೆ:

ಥ್ಯಾಂಕ್ಸ್ ತಮ್ಮಾ. ಸುರಂಗ ಬರೆಯುವುದಾದರೆ ಫೋಟೋ ನೋಡಿ ಬರೆಯಬೇಡ, ನಮ್ಮ ಕಡೆ ಬಾ. ನಮ್ಮ ತೋಟದಲ್ಲೇ ಒಂದು ಉಂಟು, ಅಜ್ಜನ ಕಾಲದ್ದು.

ಬಾಯಿ ಹತ್ತಿರ ಒಬ್ಬ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಎರಡು ಕೈ ಚಾಚಿದರೆ ಎರಡೂ ಗೋಡೆಗೆ ತಾಗುತ್ತದೆ. ಗೋಡೆಯಲ್ಲಿ ಪಿಕ್ಕಾಸಿನ ಏಟು ಸಾಲಾಗಿ ಕಾಣುತ್ತದೆ. ಕಾಲಡಿ ಹಿಮ್ಮಡಿ ಮುಳುಗುವಷ್ಟು ನೀರು, ತಣ್ಣಗೆ. ಕೊರೆಯುವವರು ಮೇಣದ ಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಿದ್ದರು, ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರಬೇಕು. ಅಕ್ಕ ಹೇಳಿದ ತಿರುವು ಕೊರೆಯುವ ಪುಟದಲ್ಲಿ ಆ ಬತ್ತಿ ಬರೆ. ಹೊರಗೆ ನೀರು ಕೆರೆಗೆ ಹೋಗಲು ಅಡಿಕೆ ಮರದ ದಂಬೆ ಇಡುತ್ತಿದ್ದರು, ಈಗ ಪೈಪ್. ನಿನ್ನ ಕಥೆ ಈಗಿನದ್ದಾದರೆ ಪೈಪೇ ಬರೆ. ಮಳೆಗಾಲ ಕಳೆದು ಬಾ, ಈಗ ಒಳಗೆ ಮಣ್ಣು ಬೀಳುತ್ತದೆ. ಭಾವನನ್ನೂ ಕರೆದುಕೊಂಡು ಬಾ, ಟಾರ್ಚ್ ತರಲು ಮರೆಯಬೇಡಿ.